ಮೈಸೂರಿಗೆ ಕಟ್ಟಿದ ಗಂಟುಗಳು

ಮೊನ್ನೆ ನಮ್ಮ ಎದುರುಮನೆಯವರು ಫ್ಲಾಟು ಖಾಲಿ ಮಾಡಿದರು. ಸಾಮಾನು ಸಾಗಿಸುವ ಕಂಪನಿಯ ನಾಲ್ಕು ಜನ ಬೆಳಿಗ್ಗೆ ಬಂದು, ಕಿರ್ರೆಂದು ಟೇಪು ಎಳೆದು ಸುತ್ತಿ, ಊಟದ ಹೊತ್ತಿಗೆಲ್ಲ ಮನೆಯನ್ನೇ ಎತ್ತಿಕೊಂಡು ಹೋದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಮನೆಯ ಅಜ್ಜಿ ತನ್ನದೊಂದು ಹಳೆಯ ಪಿಂಗಾಣಿ ಜಾಡಿಯನ್ನು ಮಾತ್ರ ಅವರ ಕೈಗೆ ಕೊಡಲಿಲ್ಲ. ಎಲ್ಲಿಂದಲೋ ಒಣಹುಲ್ಲು ತರಿಸಿ, ಮರದ ಪೆಟ್ಟಿಗೆಯಲ್ಲಿ ಹಾಸಿ, ಜಾಡಿಯನ್ನು ತಾನೇ ಮಲಗಿಸಿದಳು. ಮಳೆಗಾಲದ ಗಾಳಿಗೆ ತುಸು ತೇವವಾದ ಆ ಹುಲ್ಲಿನ ವಾಸನೆ ಮೂಗಿಗೆ ತಾಕಿದ್ದೇ ತಡ, ನಾನು ಮಾಟುಂಗಾದ ಮೂರನೇ ಮಹಡಿಯ ಮನೆಯಲ್ಲಿದ್ದೆ. ನನಗೆ ಇಪ್ಪತ್ತೊಂದು ವರ್ಷ. ಕೈಯಲ್ಲಿ ದಬ್ಬಣ, ತೊಡೆಯ ಮೇಲೆ ಗೋಣಿ, ಹೊರಗೆ ಒಂದೇ ಸಮನೆ ಸುರಿಯುತ್ತಿರುವ ಮಳೆ.

ಐವತ್ತರ ದಶಕದ ನಡುವಿನ ಆ ಒಂದು ಮಳೆಗಾಲವನ್ನು ನಾವು ಮನೆ ಕಟ್ಟುವುದರಲ್ಲೇ ಕಳೆದೆವು. ಬೇರೆಯವರು ಇಟ್ಟಿಗೆ ಗಾರೆಯಿಂದ ಮನೆ ಕಟ್ಟುತ್ತಾರೆ. ನಾವು ಇದ್ದ ಮನೆಯನ್ನು ಹಗ್ಗ ಗೋಣಿಯಿಂದ ಕಟ್ಟಿದೆವು.

ಮನೆ ನನ್ನ ದೊಡ್ಡಪ್ಪನದು. ನನ್ನ ತಂದೆಯ ಅಣ್ಣ ಶ್ರೀಕಂಠಯ್ಯನವರು ಫೋರ್ಟಿನ ಒಂದು ಹಡಗು ಕಂಪನಿಗೆ ಗುಮಾಸ್ತರಾಗಿ ಸೇರಿ, ಮೂವತ್ತೆರಡು ವರ್ಷ ಅಲ್ಲೇ ದುಡಿದು, ಹೆಡ್‌ಕ್ಲಾರ್ಕಾಗಿ ಆ ಮೇ ತಿಂಗಳ ಕೊನೆಗೆ ರಿಟೈರಾಗಿದ್ದರು. ಅವರಿಗೂ ದೊಡ್ಡಮ್ಮನಿಗೂ ಮಕ್ಕಳಿರಲಿಲ್ಲ. ನಾನು ಮೈಸೂರಿನಲ್ಲಿ ಟೈಪಿಂಗ್ ಪರೀಕ್ಷೆ ಪಾಸು ಮಾಡಿಕೊಂಡು ಕೆಲಸವಿಲ್ಲದೆ ಕೂತಿದ್ದಾಗ, ಎರಡು ವರ್ಷದ ಹಿಂದೆ ನನ್ನನ್ನು ಕರೆಸಿಕೊಂಡು ಒಂದು ಔಷಧಿ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಕೊಡಿಸಿದ್ದರು. ಅಂದಿನಿಂದ ಆ ಎರಡು ಕೋಣೆ, ಒಂದು ಅಡುಗೆಮನೆ, ಒಂದು ಗ್ಯಾಲರಿಯೇ ನನ್ನ ಮನೆ.

ರಿಟೈರಾದ ಮೇಲೆ ಮೈಸೂರು ಎನ್ನುವುದು ಆ ಮನೆಯಲ್ಲಿ ಯಾರೂ ಪ್ರಶ್ನಿಸದ ಸಂಗತಿಯಾಗಿತ್ತು. ಚಾಮರಾಜಪುರದ ನಮ್ಮ ಮನೆಯ ಮುಂದಿನ ಎರಡು ಕೋಣೆಗಳು ದೊಡ್ಡಪ್ಪನಿಗೆಂದು ಅಪ್ಪ ಯಾವತ್ತೋ ಹೇಳಿಟ್ಟಿದ್ದರು. ಮಾಟುಂಗಾದ ಮನೆ ಯಾರಿಗೆ ಎಂಬುದೂ ಗೊತ್ತಾಗಿತ್ತು. ಕುರ್ಲಾ ಸ್ಟೇಶನ್ನಿನ ಹತ್ತಿರ ಸಣ್ಣ ಹೋಟೆಲು ಇಟ್ಟುಕೊಂಡಿದ್ದ ಸಂಜೀವ ಶೆಟ್ಟರು ಒಂಬತ್ತು ವರ್ಷದಿಂದ ಹೋಟೆಲಿನ ಅಟ್ಟದಲ್ಲೇ ಮಲಗುತ್ತಿದ್ದರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಉಡುಪಿಯ ಕಡೆ ಹಳ್ಳಿಯಲ್ಲಿದ್ದರು. ಈಗ ಅವರನ್ನು ಕರೆಸಿಕೊಳ್ಳುವುದೆಂದು ಮನೆ ಹುಡುಕುತ್ತಿದ್ದರು. ಹೋಟೆಲಿಗೆ ಹಾಲು ಹಾಕುವ ಗುಜರಾತಿ ಅಜ್ಜನೊಬ್ಬ ಕಾಂದಿವಲಿಯಲ್ಲಿ ತನ್ನ ಮನೆಯ ಒಂದು ಭಾಗ ಬಾಡಿಗೆಗೆ ಕೊಡುವೆನೆಂದಿದ್ದನಂತೆ. ಆದರೆ ಬೆಳಿಗ್ಗೆ ಐದಕ್ಕೆ ಕುರ್ಲಾದಲ್ಲಿ ಒಲೆ ಹತ್ತಿಸಬೇಕಾದವರು ಕಾಂದಿವಲಿಯಲ್ಲಿ ಹೇಗೆ ಇರುವುದು? ಹಾಗಾಗಿ ನಮ್ಮ ಮನೆ ಖಾಲಿಯಾಗುವುದೆಂದು ತಿಳಿದ ದಿನ ಶೆಟ್ಟರು ಮೂರು ಮಹಡಿಯನ್ನು ಎರಡೆರಡು ಮೆಟ್ಟಿಲು ಹಾರಿ ಹತ್ತಿ ಬಂದಿದ್ದರು. ಕಟ್ಟಡದ ಮಾಲೀಕರೂ ಒಪ್ಪಿದರು. ಆಗಸ್ಟ್ ನಡುವಿಗೆ ನಾವು ಹೊರಡುವುದು, ಅವರು ಬರುವುದು ಎಂದು ಮಾತಾಯಿತು.

ನಾನೂ ಹೊರಡಬೇಕೆಂಬುದನ್ನು ಬೇರೆಯಾಗಿ ಯಾರೂ ಹೇಳಲೇ ಇಲ್ಲ. ಮದುವೆಯಾಗದ ಹುಡುಗಿ ಮುಂಬಯಿಯಲ್ಲಿ ಒಬ್ಬಳೇ ಇರುವ ಮಾತೇ ಆಗ ಇರಲಿಲ್ಲ. ಆದರೆ ನನ್ನೊಳಗೆ ಒಂದು ಗುಟ್ಟಿತ್ತು. ನಾನು ಸಂಜೆ ತರಗತಿಗೆ ಹೋಗಿ ಶಾರ್ಟ್‌ಹ್ಯಾಂಡ್ ಕಲಿತಿದ್ದೆ. ನಮ್ಮ ಸೆಕ್ಷನ್ನಿನ ಸ್ಟೆನೋ ಸೆಪ್ಟೆಂಬರಿನಲ್ಲಿ ಮದುವೆಯಾಗಿ ಕೆಲಸ ಬಿಡುವವಳಿದ್ದಳು. ಆ ಜಾಗ ನಿನಗೇ ಎಂದು ಸಾಹೇಬರು ನನ್ನನ್ನು ಕರೆದು ಹೇಳಿದ್ದರು. ಆ ದಿನ ನಾನು ಚರ್ಚ್‌ಗೇಟ್‌ವರೆಗೆ ನಡೆದದ್ದೇ ನೆನಪಿಲ್ಲ, ತೇಲಿಕೊಂಡು ಹೋಗಿದ್ದೆ. ಮನೆಗೆ ಬಂದರೆ ಹಜಾರದ ನಡುವೆ ಹೊಸ ಗೋಣಿಗಳ ರಾಶಿ. ದೊಡ್ಡಪ್ಪ ಉತ್ಸಾಹದಿಂದ, “ಬಾಮ್ಮ ವಿಮಲಾ, ಬಂದೆಯಾ, ಶುರು ಮಾಡೋಣ,” ಎಂದರು. ನಾನು ಸುದ್ದಿಯನ್ನು ನುಂಗಿಕೊಂಡೆ. ಮೂವತ್ತೆರಡು ವರ್ಷ ದುಡಿದ ಹಿರಿಯರು ತಮ್ಮ ಊರಿಗೆ ಹೊರಟಿರುವಾಗ ನನ್ನ ಸ್ಟೆನೋ ಕೆಲಸ ಯಾವ ಲೆಕ್ಕ?

ದೊಡ್ಡಪ್ಪ ಸಾಮಾನು ಕಟ್ಟಿದ್ದು ಹೆಡ್‌ಕ್ಲಾರ್ಕಿನ ಶಿಸ್ತಿನಲ್ಲಿ. ಪ್ರತಿ ಗಂಟಿಗೂ ಒಂದು ನಂಬರು. ಪ್ರತಿ ನಂಬರಿಗೂ ಒಂದು ಪಟ್ಟಿ. ಪಟ್ಟಿಗೆ ಮೂರು ಪ್ರತಿ: ಒಂದು ಗಂಟಿನೊಳಗೆ, ಒಂದು ಅವರ ಫೈಲಿನಲ್ಲಿ, ಒಂದು ಮೈಸೂರಿಗೆ ಅಪ್ಪನ ಹೆಸರಿಗೆ. ಊಟದ ಬಿಡುವಿನಲ್ಲಿ ಆಫೀಸಿನ ಮಿಶನ್ನಿನ ಮೇಲೆ ಕಾರ್ಬನ್ ಇಟ್ಟು ಅವನ್ನು ಟೈಪು ಮಾಡುವುದು ನನ್ನ ಕೆಲಸ. ‘ಗಂಟು ನಂಬರು ನಾಲ್ಕು: ಚಕ್ಕುಲಿ ಒರಳು ಒಂದು, ಈಳಿಗೆಮಣೆ ಎರಡು, ಒಂದರ ಕಾಲು ಮುರಿದಿದೆ’ ಎಂದು ನಾನು ಗಂಭೀರವಾಗಿ ಇಂಗ್ಲಿಷಿನಲ್ಲಿ ಬಡಿಯುತ್ತಿದ್ದರೆ ಪಕ್ಕದ ಮೇಜಿನ ಹುಡುಗಿ ನಕ್ಕು ನಕ್ಕು ಸುಸ್ತಾಗುತ್ತಿದ್ದಳು.

ಕೆಲಸ ಬೇಗ ಮುಗಿಯಲಿಲ್ಲ. ಭಾನುವಾರ ಕಟ್ಟಿದ್ದು ಬುಧವಾರದ ಹೊತ್ತಿಗೆ ಹೇಗೋ ಸಡಿಲವಾಗಿರುತ್ತಿತ್ತು. ದೋಸೆಕಲ್ಲು ಕಟ್ಟಿದ ಮರುದಿನವೇ ದೊಡ್ಡಮ್ಮನಿಗೆ ದೋಸೆ ಮಾಡುವ ಮನಸ್ಸಾಗುತ್ತಿತ್ತು. ಭಾನುವಾರ ತಪ್ಪದೆ ಶೆಟ್ಟರು ಬರುತ್ತಿದ್ದರು. ಕೈಯಲ್ಲಿ ಬಾಳೆಲೆಯ ಪೊಟ್ಟಣ, ಜೇಬಿನಲ್ಲಿ ಅಳತೆಯ ಟೇಪು. ಪೊಟ್ಟಣದಲ್ಲಿ ಒಂದು ವಾರ ಗೋಳಿಬಜೆ, ಇನ್ನೊಂದು ವಾರ ಬನ್ಸು. ತಿನ್ನುತ್ತ ಕೂತ ನಮ್ಮನ್ನು ದಾಟಿಕೊಂಡು ಅವರು ಗೋಡೆ ಅಳೆಯುತ್ತಿದ್ದರು. ಇಲ್ಲಿ ಮಕ್ಕಳ ಮಂಚ, ಅಲ್ಲಿ ದೇವರು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಅವರ ಆ ಸಂಭ್ರಮ ನೋಡಿದರೆ ನಮ್ಮ ಮನೆಯಲ್ಲೇ ಯಾಕೋ ಸಂಭ್ರಮ ಕಡಿಮೆಯಿದೆ ಎಂದು ನನಗೆ ಅನಿಸಿದ್ದುಂಟು.

ದೊಡ್ಡಪ್ಪನ ವಿಷಯ ಮೊದಲು ತಿಳಿಯಿತು. ರಿಟೈರಾದ ಮೇಲೂ ಅವರು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೋಟು ಹಾಕಿ, ಕೊಡೆ ಹಿಡಿದು ಎಂಟು ಗಂಟೆಗೆ ಹೊರಟುಬಿಡುತ್ತಿದ್ದರು. ಒಂಬತ್ತಕ್ಕೆ ವಾಪಸು ಬರುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ ಹಗ್ಗ, ಮೊಳೆ ಎಂದು ಏನೋ ಒಂದು ಹೇಳುತ್ತಿದ್ದರು. ಜುಲೈ ಮೊದಲ ವಾರ ನನಗೆ ಶೀತವಾಗಿ ಆಫೀಸಿಗೆ ತಡವಾಗಿ ಹೊರಟ ದಿನ, ಅವರು ಸ್ಟೇಶನ್ನಿನ ಬೆಂಚಿನ ಮೇಲೆ ಕೂತಿದ್ದನ್ನು ಕಂಡೆ. ಮೂವತ್ತು ವರ್ಷ ತಾವು ಹತ್ತುತ್ತಿದ್ದ ಗಾಡಿ ಬಂದಿತು. ಅದರ ಬಾಗಿಲಿನಿಂದ ಮೂರು ನಾಲ್ಕು ಕೈಗಳು ಅವರತ್ತ ಬೀಸಿದವು. ಅವರೂ ಎದ್ದು ನಿಂತು ಕೊಡೆ ಎತ್ತಿ ಬೀಸಿದರು. ಗಾಡಿ ಹೋಯಿತು. ತಿರುಗಿದರೆ ನಾನು.

ಅವರಿಗೆ ಸಂಕೋಚವಾಯಿತು. ಕಾಫಿ ಕುಡಿಯೋಣ ಬಾ ಎಂದು ಸ್ಟೇಶನ್ನಿನ ಹೊರಗಿದ್ದ ಹೋಟೆಲಿಗೆ ಕರೆದುಕೊಂಡು ಹೋದರು. ಬಿಸಿ ಲೋಟವನ್ನು ಕರವಸ್ತ್ರದಲ್ಲಿ ಹಿಡಿದುಕೊಂಡು ಎರಡು ಗುಟುಕು ಕುಡಿದರು.

“ನಿಮ್ಮ ದೊಡ್ಡಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದಾಗ ಅವಳಿಗೆ ಹದಿನಾರು ವರ್ಷ,” ಎಂದರು ಆಮೇಲೆ. “ಬಂದವಳು ಒಂದು ತಿಂಗಳು ಕಿಟಕಿ ಹತ್ರ ಕೂತು ಅತ್ಲು. ಅನ್ನ ಸೇರ್ತಿರಲಿಲ್ಲ. ಒಂದು ದಿನ ನಾನು, ನೋಡು, ರಿಟೈರಾದ ತಕ್ಷಣ ನಿನ್ನ ಮೈಸೂರಿಗೆ ವಾಪಸ್ ಕರ್ಕೊಂಡು ಹೋಗ್ತೀನಿ, ಇದು ನನ್ನ ಮಾತು ಅಂದೆ. ಅವತ್ತಿಂದ ಅವಳು ಅಳಲಿಲ್ಲ. ಆ ಮಾತು ನಂಬಿಕೊಂಡೇ ಇಷ್ಟು ವರ್ಷ ಕಳೆದಿದಾಳೆ ಕಣಮ್ಮ.”

ನಿಮಗೆ ಹೋಗಲು ಇಷ್ಟವಿಲ್ಲವೇ ಎಂದು ನಾನು ಕೇಳಿದೆ.

“ನನಗೆ ಬೆಳಿಗ್ಗೆ ಎದ್ರೆ ಗಾಡಿ ಶಬ್ದ ಕೇಳ್ಬೇಕು. ಮೈಸೂರಲ್ಲಿ ಒಂಬತ್ತು ಗಂಟೆ ತನಕ ಏನೂ ಆಗೋದೇ ಇಲ್ಲ,” ಎಂದರು. ಕೂಡಲೇ ತಪ್ಪು ಮಾಡಿದವರಂತೆ ಸುತ್ತ ನೋಡಿ, ದೊಡ್ಡಮ್ಮನ ಕಿವಿಗೆ ಇದು ಬೀಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡರು.

ಎರಡನೆಯದು ಪಟ್ಟಿಯಿಂದ ಬಯಲಾಯಿತು. ಏಳನೇ ನಂಬರಿನ ಗಂಟು ಎತ್ತಿದರೆ ಹಗುರವಾಗಿತ್ತು. ಪಟ್ಟಿಯಲ್ಲಿ ಹಪ್ಪಳದ ಮಣೆ ಮೂರು, ಲಟ್ಟಣಿಗೆ ನಾಲ್ಕು, ಶಾವಿಗೆ ಒರಳು ಒಂದು ಎಂದಿತ್ತು. ಬಿಚ್ಚಿ ನೋಡಿದೆ: ಒಳಗೆ ಬರೀ ಹಳೆಯ ಪೇಪರು. ದೊಡ್ಡಪ್ಪ ಮನೆಯಲ್ಲಿರಲಿಲ್ಲ. ನಾನು ಅಡುಗೆಮನೆಗೆ ಹೋಗಿ ದೊಡ್ಡಮ್ಮನ ಮುಂದೆ ಪಟ್ಟಿ ಹಿಡಿದೆ. ಅವಳು ಹುಣಿಸೆಹಣ್ಣು ಕಿವುಚುವುದನ್ನು ನಿಲ್ಲಿಸಲಿಲ್ಲ. ಅವೆಲ್ಲ ಕುಸುಮಬಾಯಿಯ ಮನೆಯಲ್ಲಿವೆ, ಮಧ್ಯಾಹ್ನದ ಕೆಲಸ ನಿಂತುಹೋಗಬಾರದಲ್ಲ ಎಂದಳು.

ಕುಸುಮಬಾಯಿ ನಮ್ಮ ಪಕ್ಕದ ಮನೆಯಾಕೆ, ಮರಾಠಿಯವಳು. ಅವಳ ಹಜಾರದಲ್ಲಿ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಟ್ಟಡದ ಏಳೆಂಟು ಹೆಂಗಸರು ಸೇರಿ ಹಪ್ಪಳ ಲಟ್ಟಿಸುತ್ತಿದ್ದರು. ಮಾಟುಂಗಾದ ಮೂರು ಅಂಗಡಿಗಳಿಗೆ ಅದು ಹೋಗುತ್ತಿತ್ತು. ಹಿಟ್ಟಿನ ಹದ ನೋಡುವವಳು, ಅಂಗಡಿಯವರೊಡನೆ ಮರಾಠಿಯಲ್ಲಿ ಜಗಳ ಕಾಯುವವಳು, ಯಾರ ಮಣೆಗೆ ಎಷ್ಟು ಉಂಡೆ ಎಂದು ಹಂಚುವವಳು ನಮ್ಮ ದೊಡ್ಡಮ್ಮ. ಅಲ್ಲಿ ಎಲ್ಲರೂ ಅವಳನ್ನು ಲಕ್ಷ್ಮೀಬಾಯಿ ಎಂದು ಕರೆಯುತ್ತಿದ್ದರು.

“ಮೈಸೂರಲ್ಲಿ ನನ್ನ ಹೆಸರು ಯಾರಿಗೆ ಗೊತ್ತು ಹೇಳು,” ಎಂದಳು ದೊಡ್ಡಮ್ಮ. “ಹಿರೀ ಸೊಸೆ ಅಂತಾರೆ, ಇಲ್ಲ ಶ್ರೀಕಂಠಯ್ಯನ ಹೆಂಡ್ತಿ ಅಂತಾರೆ. ಇಲ್ಲಿ ಕೆಳಗಿನ ಪಾನಿನಂಗಡಿಯವನೂ ಲಕ್ಷ್ಮೀಬಾಯಿ ಅಂತ ಕೈ ಮುಗೀತಾನೆ.”

ಹಾಗಾದರೆ ದೊಡ್ಡಪ್ಪನಿಗೆ ಹೇಳಬಾರದೇಕೆ ಎಂದೆ. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನನ್ನ ಪಕ್ಕ ಕೂತಳು.

“ಅವರು ಗಾಡಿಯಲ್ಲಿ ನಿಂತು ನಿಂತು ಜೀವ ತೇದಿದಾರೆ ಕಣೇ. ಆ ಕೋಟೆಲ್ಲ ಬೆವರು. ಊರು ಅಂದ್ರೆ ಅವರಿಗೆ ಪ್ರಾಣ. ನೋಡಿಲ್ವಾ, ಎಷ್ಟು ಮುತುವರ್ಜಿಯಿಂದ ನಂಬರು ಹಾಕ್ತಿದಾರೆ? ನಾನೊಂದು ಮಾತು ಬೇಡ ಅಂದ್ರೆ ಬಾಯ್ಮುಚ್ಚಿಕೊಂಡು ಇಲ್ಲೇ ಇದ್ದುಬಿಡ್ತಾರೆ. ಅದಕ್ಕೇ ಅನ್ನಲ್ಲ. ನೀನೂ ಬಾಯಿ ಬಿಡಬೇಡ, ನನ್ನಾಣೆ.”

ಆಣೆ ಇಟ್ಟು ಅವಳು ಹುಣಿಸೆಹಣ್ಣಿಗೆ ಹೋದಳು. ನಾನು ಏಳನೇ ನಂಬರಿನ ಗಂಟಿನೊಳಗೆ ಮತ್ತೆ ಪೇಪರು ತುಂಬಿ ಹೊಲಿದೆ.

ಇಷ್ಟು ಸಾಲದೆಂಬಂತೆ ಅದೇ ವಾರ ಅಮ್ಮನ ಕಾಗದ ಬಂತು. ಮನೆಗೆ ಬಾರದೆ ನನ್ನ ಆಫೀಸಿನ ವಿಳಾಸಕ್ಕೆ ಬಂದದ್ದೇ ವಿಚಿತ್ರ. ಅಪ್ಪ ಮುಂದಿನ ಕೋಣೆಗಳಿಗೆ ಸುಣ್ಣ ಹೊಡೆಸಿದ್ದಾರೆ, ಭಾವನವರೂ ಅಕ್ಕನೂ ಬರುತ್ತಿರುವುದು ನಮ್ಮೆಲ್ಲರ ಭಾಗ್ಯ ಎಂದು ಶುರುವಾಗಿತ್ತು. ಮಡಿಸುವ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬೇರೆ ಸಂಗತಿಯಿತ್ತು. ಅಪ್ಪ ಸ್ಕೂಲಿನಿಂದ ಬಂದು ಪಾಠ ಹೇಳುವ ಹುಡುಗರು ಆ ಕೋಣೆಯಲ್ಲೇ ಕೂರುತ್ತಿದ್ದರು, ಈಗ ಅವರನ್ನು ಎಲ್ಲಿ ಕೂರಿಸುವುದೋ ತಿಳಿಯದೆ ಅಪ್ಪ ನಿದ್ದೆಗೆಟ್ಟಿದ್ದಾರೆ; ನೀನು ಇದನ್ನು ಅಲ್ಲಿ ಯಾರಿಗೂ ಹೇಳಬೇಡ.

ಕಾಗದವನ್ನು ಬ್ಯಾಗಿಗೆ ಹಾಕಿಕೊಂಡು ನಾನು ಆಫೀಸಿನ ಕಿಟಕಿಯಲ್ಲಿ ನಿಂತೆ. ಯಾರಿಗೂ ಬೇಡದ ಪ್ರಯಾಣಕ್ಕೆ ಎಲ್ಲರೂ ಎಷ್ಟು ಶ್ರದ್ಧೆಯಿಂದ ತಯಾರಾಗುತ್ತಿದ್ದಾರೆ! ನಾನೊಂದು ಮಾತು ಹೇಳಿದರೆ ಎಲ್ಲ ನಿಲ್ಲಬಹುದು. ಆದರೆ ಹೇಳುವುದು ಹೇಗೆ? ಒಬ್ಬರಿಗೆ ಮಾತು ಕೊಟ್ಟಿದ್ದೆ, ಒಬ್ಬರ ಆಣೆಯಿತ್ತು. ಅದಕ್ಕಿಂತ ದೊಡ್ಡ ತೊಡಕು ನನ್ನದೇ ಕೆಲಸ. ಹುಡುಗಿ ತನ್ನ ಕೆಲಸ ಉಳಿಸಿಕೊಳ್ಳಲು ಹಿರಿಯರ ನಡುವೆ ಕಡ್ಡಿ ಆಡಿಸಿದಳು ಎಂದು ನಾಳೆ ಯಾರಾದರೂ ಅಂದರೆ ಅಲ್ಲ ಎನ್ನಲು ನನಗೆ ಬಾಯಿ ಇರಲಿಲ್ಲ. ಯಾಕೆಂದರೆ ನನ್ನ ಮನಸ್ಸಿನಲ್ಲಿ ಆ ಕೆಲಸ ಇದ್ದೇ ಇತ್ತು.

ಹಾಗಾಗಿ ಸುಮ್ಮನಿದ್ದೆ. ಜುಲೈ ಕೊನೆಯಲ್ಲಿ ದೊಡ್ಡ ಸಾಮಾನುಗಳು ಗೂಡ್ಸ್ ಗಾಡಿಗೆ ಹೋದವು: ಮಂಚ, ಬೀರು, ಹಾಸಿಗೆ ಸುರುಳಿ, ಹುಲ್ಲು ತುಂಬಿದ ಪಿಂಗಾಣಿ ಪೆಟ್ಟಿಗೆಗಳು. ಅಂದು ಆಕಾಶ ಹರಿದುಬಿದ್ದಂತೆ ಮಳೆ. ಕಿಂಗ್ಸ್ ಸರ್ಕಲ್ಲಿನಲ್ಲಿ ಮೊಳಕಾಲುದ್ದ ನೀರು, ಟ್ರಾಮುಗಳು ಸಾಲಾಗಿ ನಿಂತುಬಿಟ್ಟಿದ್ದವು. ಕೈಗಾಡಿಯವರು ಮೂವರು ನೂಕುತ್ತಿದ್ದರೆ ದೊಡ್ಡಪ್ಪ ಪಂಚೆ ಎತ್ತಿಕಟ್ಟಿ, ತಮ್ಮ ತಲೆ ನೆನೆಸಿಕೊಂಡು, ಕೊಡೆಯನ್ನು ದೊಡ್ಡಮ್ಮನ ಪಿಂಗಾಣಿ ಪೆಟ್ಟಿಗೆಯ ಮೇಲೆ ಹಿಡಿದು ನಡೆದರು. ನಾನು ಗ್ಯಾಲರಿಯಿಂದ ನೋಡುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ದೊಡ್ಡಮ್ಮ, ಎಷ್ಟು ಖುಷಿ ನೋಡು ಅವರಿಗೆ ಎಂದು ಮೂಗು ಒರೆಸಿಕೊಂಡಳು. ಅವಳಿಗೂ ಶೀತವಿರಬೇಕೆಂದು ನಾನು ಅಂದುಕೊಳ್ಳಲು ಯತ್ನಿಸಿದೆ.

ಉಳಿದ ಸಾಮಾನನ್ನು ದೊಡ್ಡಮ್ಮ ಕಟ್ಟಡದ ತುಂಬ ಹಂಚಿದಳು. ಒರಳುಕಲ್ಲು ಕುಸುಮಬಾಯಿಗೆ, ಹಂಡೆ ಕೆಳಗಿನ ತಮಿಳರ ಮನೆಗೆ, ಮಣೆಗಳು ಎದುರಿನವರಿಗೆ.

ಹೊರಡಲು ನಾಲ್ಕು ದಿನ ಇರುವಾಗ, ಶನಿವಾರ ಸಂಜೆ, ಶೆಟ್ಟರು ನಮಗೆಲ್ಲ ಊಟ ತಂದರು. ಮನೆಯಲ್ಲಿ ಪಾತ್ರೆಯಿಲ್ಲ, ನೀವು ಅಡುಗೆ ಮಾಡಕೂಡದು ಎಂದು ಅಪ್ಪಣೆಯಾಗಿತ್ತು. ಖಾಲಿ ಹಜಾರದಲ್ಲಿ ನಾವು ಮೂವರು ಮೂರು ಗಂಟುಗಳ ಮೇಲೆ, ಶೆಟ್ಟರು ಒಂದು ಟ್ರಂಕಿನ ಮೇಲೆ. ನಡುವೆ ಬಾಳೆಲೆಯಲ್ಲಿ ನೀರುದೋಸೆ, ಕಾಯಿ ಬೆಲ್ಲ. ಹೆಂಡತಿ ಮಕ್ಕಳು ಊರಿನಿಂದ ಹೊರಡುವ ದಿನ ಗೊತ್ತಾಗಿದೆ ಎಂದು ಶೆಟ್ಟರು ಹಿಗ್ಗಿದ್ದರು.

“ನಿಮ್ಮ ಪುಣ್ಯ ಮಾರಾಯ್ರೆ,” ಎಂದರು ದೊಡ್ಡಪ್ಪನಿಗೆ. “ದುಡಿದು ಮುಗಿಸಿ ಊರಿಗೆ ಹೋಗಿ ಆರಾಮದಲ್ಲಿ ಕೂತ್ಕೊಳ್ಳುವ ಯೋಗ ಎಷ್ಟು ಜನಕ್ಕೆ ಉಂಟು? ಅಮ್ಮನವರಿಗಂತೂ ಸ್ವರ್ಗ ಸಿಕ್ಕಿದ ಹಾಗೆ ಆಗಿರ್ಬೇಕು.”

ದೊಡ್ಡಪ್ಪ ದೊಡ್ಡಮ್ಮನ ಮುಖ ನೋಡಿ ನಕ್ಕರು. ದೊಡ್ಡಮ್ಮ ದೊಡ್ಡಪ್ಪನ ಮುಖ ನೋಡಿ ನಕ್ಕಳು. ಇಬ್ಬರ ನಗೆಯೂ ಒಂದೇ ತರಹ ಇತ್ತು. ನಾನು ನಗತೊಡಗಿದೆ. ನಿಲ್ಲಿಸಲಾಗಲಿಲ್ಲ. ನೀರುದೋಸೆ ನೆತ್ತಿಗೆ ಹತ್ತಿ ಕೆಮ್ಮು ಬಂತು, ಕೆಮ್ಮಿನ ಜೊತೆ ಅಳು ಬಂತು. ದೊಡ್ಡಮ್ಮ ತಲೆ ತಟ್ಟಿ ನೀರು ಕುಡಿಸಿದಳು. ಏನಾಯಿತೆಂದು ದೊಡ್ಡಪ್ಪ ಕೇಳಿದರು.

“ನಾನು ಆಫೀಸಿಗೆ ರಾಜೀನಾಮೆ ಕೊಟ್ಟಿಲ್ಲ,” ಎಂದೆ. ಯಾಕೋ ಮೊದಲು ಅದೇ ಬಾಯಿಗೆ ಬಂತು.

ದೊಡ್ಡಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಒಂದು ತಿಂಗಳ ನೋಟೀಸು ಕೊಡದೆ ಕೆಲಸ ಬಿಡುವುದು ಅವರ ಮಟ್ಟಿಗೆ ಕಳ್ಳತನಕ್ಕೆ ಸಮ. ಜುಲೈಯಲ್ಲೇ ಕೊಟ್ಟಾಯಿತು ಎಂದು ಸುಳ್ಳು ಹೇಳಿದ್ದೆಯಲ್ಲ ಎಂದು ಗದರಿದರು. ಬರೆದ ಕಾಗದ ಬ್ಯಾಗಿನಲ್ಲೇ ಇದೆ, ಕೊಡಲು ಮನಸ್ಸಾಗಲಿಲ್ಲ, ಏಕೆಂದರೆ ನೀವು ಹೋಗುವುದಿಲ್ಲವೇನೋ ಎಂಬ ಆಸೆಯಿತ್ತು ಎಂದೆ. ಸ್ಟೆನೋ ಜಾಗದ ವಿಷಯವನ್ನೂ ಹೇಳಿಬಿಟ್ಟೆ. ಕೊನೆಗೆ ಉಳಿದದ್ದನ್ನೂ ಹೇಳಿದೆ.

“ನಿಮಗೂ ಹೋಗಕ್ಕೆ ಇಷ್ಟ ಇಲ್ಲ, ದೊಡ್ಡಮ್ಮಂಗೂ ಇಷ್ಟ ಇಲ್ಲ. ಇಬ್ಬರೂ ನನ್ನ ಹತ್ರ ಬೇರೆ ಬೇರೆಯಾಗಿ ಹೇಳಿದೀರಿ.”

ಶೆಟ್ಟರು ಎಲೆಯನ್ನೇ ನೋಡುತ್ತ ಕೂತರು. ದೊಡ್ಡಪ್ಪ ನಿಧಾನವಾಗಿ, ವಿಚಾರಣೆ ಮಾಡುವ ದನಿಯಲ್ಲಿ ಕೇಳಿದರು:

“ಇದನ್ನ ನಿನ್ನ ಕೆಲಸಕ್ಕೋಸ್ಕರ ಹೇಳ್ತಿದೀಯಾ?”

“ಅದೂ ಇದೆ ದೊಡ್ಡಪ್ಪ. ಆದ್ರೆ ಹೇಳಿದ್ದು ಸುಳ್ಳಲ್ಲ.”

ದೊಡ್ಡಮ್ಮ ನನ್ನ ತಲೆಯ ಮೇಲಿನ ಕೈ ತೆಗೆದಳು. ಆಣೆ ಮುರಿದದ್ದಕ್ಕೆ ನನ್ನನ್ನು ಒಮ್ಮೆ ಸುಡುವಂತೆ ನೋಡಿ, ಗಂಡನ ಕಡೆ ತಿರುಗಿದಳು. ನೀವು ನನಗೋಸ್ಕರ ಹೊರಟದ್ದೇ ಎಂದು ಕೇಳಿದಳು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ತಾವು ಮಾತು ಕೊಟ್ಟಿದ್ದಾಗಿ ಹೇಳಿದರು.

“ಯಾವ ಮಾತು?”

ಕಿಟಕಿಯ ಹತ್ತಿರ ಕೂತು ಅಳುತ್ತಿದ್ದೆಯಲ್ಲ, ಬಂದ ಹೊಸದರಲ್ಲಿ, ಆಗ ಎಂದರು. ದೊಡ್ಡಮ್ಮ ಕಿಟಕಿಯನ್ನು ನೋಡಿದಳು, ಗಂಡನನ್ನು ನೋಡಿದಳು.

“ನನಗೆ ನೆನಪೇ ಇಲ್ವಲ್ಲ,” ಎಂದಳು. ದನಿ ಸಣ್ಣದಾಗಿತ್ತು. “ಹದಿನಾರು ವರ್ಷದ ಹುಡುಗಿ ಅತ್ತಿದ್ದನ್ನ ಯಾರಾದ್ರೂ ಇಷ್ಟು ವರ್ಷ ಜೋಪಾನ ಮಾಡ್ತಾರಾ?”

ದೊಡ್ಡಪ್ಪ ಮೂವತ್ತೆರಡು ವರ್ಷ ಹೊತ್ತುಕೊಂಡು ಬಂದ ಮಾತು, ಅದನ್ನು ಪಡೆದವಳಿಗೇ ನೆನಪಿರಲಿಲ್ಲ. ಅವರ ಕಿವಿ ಕೆಂಪಾಯಿತು. ಆಮೇಲೆ ಭುಜ ಅಲುಗಿತು. ನೋಡಿದರೆ ನಗುತ್ತಿದ್ದರು. ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ಅಷ್ಟು ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಗ ನಾನು ಅಮ್ಮನ ಕಾಗದವನ್ನೂ ಬ್ಯಾಗಿನಿಂದ ತೆಗೆದು ಮಡಿಸುವ ಅಂಚನ್ನು ಓದಿದೆ. ಎಲ್ಲರ ಗುಟ್ಟನ್ನೂ ಬಿಟ್ಟುಕೊಟ್ಟ ಮೇಲೆ ಅಮ್ಮನದೊಂದು ಯಾಕೆ ಉಳಿಯಬೇಕು?

ನಗದೆ ಇದ್ದವರು ಶೆಟ್ಟರು ಒಬ್ಬರೇ. ಅವರ ಮುಖ ಬಿಳಿಚಿಕೊಂಡಿತ್ತು. ದೊಡ್ಡಪ್ಪ ಅದನ್ನು ಗಮನಿಸಿ ತಟ್ಟನೆ ನಗು ನಿಲ್ಲಿಸಿದರು.

“ಶೆಟ್ಟರೇ, ಈ ಮನೆ ನಿಮ್ಮದು. ಅದರಲ್ಲಿ ಎರಡು ಮಾತಿಲ್ಲ,” ಎಂದರು. “ನಿಮ್ಮ ಮಕ್ಕಳು ಬರೋ ದಿನ ನಾವು ಇಲ್ಲಿರಲ್ಲ. ಎಲ್ಲಿರ್ತೀವಿ ಅನ್ನೋದು ನನಗೂ ಗೊತ್ತಿಲ್ಲ.”

ಶೆಟ್ಟರು ಕಣ್ಣು ಒರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, “ನಿಮಗೇನು ಬೆಳಿಗ್ಗೆ ಐದಕ್ಕೆ ಒಲೆ ಹತ್ತಿಸ್ಲಿಕ್ಕಿಲ್ಲವಲ್ಲ?” ಎಂದು ಕೇಳಿದರು. ನಮಗೆ ಅರ್ಥವಾಗಲಿಲ್ಲ. “ಕಾಂದಿವಲಿಯ ಹಾಲಿನ ಅಜ್ಜನ ಮನೆ ಇನ್ನೂ ಖಾಲಿಯೇ ಉಂಟು,” ಎಂದರು.

ಮರುದಿನ ಬೆಳಿಗ್ಗೆ ನಾಲ್ವರೂ ಹೋದೆವು. ಆಗಿನ ಕಾಂದಿವಲಿಯನ್ನು ಈಗಿನವರಿಗೆ ವಿವರಿಸುವುದು ಕಷ್ಟ. ಸ್ಟೇಶನ್ನು ಬಿಟ್ಟು ಹತ್ತು ಹೆಜ್ಜೆ ಇಟ್ಟರೆ ಕೆಸರು, ಕೆಸರಿನ ಆಚೆ ಹುಲ್ಲು, ಹುಲ್ಲಿನಲ್ಲಿ ಎಮ್ಮೆ. ದೊಡ್ಡಮ್ಮನ ಚಪ್ಪಲಿಯೊಂದು ಕೆಸರಿನಲ್ಲಿ ಹೂತು ಸಿಗಲೇ ಇಲ್ಲ. ಹೆಂಚಿನ ಮನೆ, ನಮ್ಮ ಪಾಲಿಗೆ ಎರಡು ಕೋಣೆ, ಮುಂದೆ ಉದ್ದಕ್ಕೆ ಜಗಲಿ. ಹಿತ್ತಲಿನ ಆಚೆಗೇ ರೈಲು ಹಳಿ. ನಾವು ಒಳಗೆ ನಿಂತಿದ್ದಾಗಲೇ ಬೊರಿವಲಿಯ ಗಾಡಿಯೊಂದು ಕಿಟಕಿಗಳನ್ನೆಲ್ಲ ನಡುಗಿಸಿಕೊಂಡು ಹೋಯಿತು. ಅಜ್ಜ ಅದಕ್ಕಾಗಿ ಕ್ಷಮೆ ಕೇಳುವವನಂತೆ ಕೈ ಮುಗಿದ. ದೊಡ್ಡಪ್ಪನ ಮುಖ ನೋಡಿದ ನಾನು, ಮನೆ ಗೊತ್ತಾಯಿತು ಎಂದುಕೊಂಡೆ. ದೊಡ್ಡಮ್ಮ ಬರಿಗಾಲಲ್ಲಿ ಜಗಲಿಯ ಉದ್ದವನ್ನು ಹೆಜ್ಜೆಯಲ್ಲಿ ಅಳೆದು, ಹತ್ತು ಜನ ಕೂತು ಹಪ್ಪಳ ಲಟ್ಟಿಸಬಹುದು ಎಂದಳು.

ಮೈಸೂರಿಗೆ ತಂತಿ ಕೊಟ್ಟೆವು. ಅಪ್ಪ ನಾಲ್ಕು ಪುಟದ ಕಾಗದ ಬರೆದರು: ಆಸೆಯಿಂದ ಕಾದಿದ್ದೆವು, ಬಹಳ ನಿರಾಸೆಯಾಯಿತು, ಸುಣ್ಣ ಹೊಡೆದ ಕೋಣೆ ನೋಡಿದರೆ ಕಣ್ಣು ತುಂಬುತ್ತದೆ. ನನ್ನ ಆಫೀಸಿಗೆ ಅಮ್ಮನ ಒಂದು ಕಾರ್ಡು ಬಂತು. ಅಪ್ಪ ಈಗ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ ಎಂದಷ್ಟೇ ಅದರಲ್ಲಿತ್ತು.

ನಾವು ಕಾಂದಿವಲಿಗೆ ಹೋಗುತ್ತಿದ್ದೇವೆಂದು ಗೊತ್ತಾದ ಸಂಜೆಯಿಂದ ಹಂಚಿದ ಸಾಮಾನೆಲ್ಲ ಮೆಟ್ಟಿಲು ಹತ್ತಿ ವಾಪಸು ಬರತೊಡಗಿತು. ಖಾಲಿ ಪಾತ್ರೆ ಕೊಡಬಾರದೆಂದು ಪ್ರತಿಯೊಂದರಲ್ಲೂ ಏನಾದರೂ ಇತ್ತು. ತಮಿಳರ ಮನೆಯಿಂದ ಹಂಡೆಯ ತಳದಲ್ಲಿ ಒಂದು ಹಿಡಿ ಮಲ್ಲಿಗೆ. ಕುಸುಮಬಾಯಿ ಒರಳುಕಲ್ಲನ್ನು ಇಬ್ಬರು ಆಳುಗಳಿಂದ ಹೊರಿಸಿ ತಂದು, ಅದರ ಕುಳಿಯಲ್ಲಿ ಒಂದು ತೆಂಗಿನಕಾಯಿ ಇಟ್ಟು, ತಾನು ಮಾತ್ರ ಬಾಗಿಲಲ್ಲೇ ನಿಂತಳು. ಮೈಸೂರಾದರೆ ದೂರ ಎಂದು ಅಳಬಹುದಿತ್ತು, ಕಾಂದಿವಲಿಗೆ ಹೇಗೆ ಅಳುವುದು ಎಂದು ಮರಾಠಿಯಲ್ಲಿ ಹೇಳಿ ಅತ್ತಳು.

ಗೂಡ್ಸಿನಲ್ಲಿ ಮೈಸೂರು ಸೇರಿದ ಸಾಮಾನು ಮರಳಿ ಬರುವ ಹೊತ್ತಿಗೆ ದಸರೆ ಕಳೆದಿತ್ತು. ಅಲ್ಲಿಯವರೆಗೆ ಮಂಚವಿಲ್ಲದೆ, ಬೀರುವಿಲ್ಲದೆ, ಚಾಪೆಯ ಮೇಲೆ ಮೂವರೂ ಬಾಳಿದೆವು. ಮೊದಲ ವಾರ ಸುಲಭವಾಗಿರಲಿಲ್ಲ. ಕಪ್ಪೆಗಳ ಗಲಾಟೆ, ಕೂಗಿದರೆ ಓಗೊಡುವ ಪಕ್ಕದ ಮನೆಯಿಲ್ಲ. ಮೂರನೆಯ ಸಂಜೆ ದೊಡ್ಡಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತು ಕಣ್ಣೀರು ಹಾಕಿದಳು. ದೊಡ್ಡಪ್ಪ ಗಾಬರಿಯಿಂದ ಎದ್ದು ಹೋಗಿ ಏನೋ ಹೇಳಲು ಬಾಯಿ ತೆರೆದರು.

“ನೀವೇನೂ ಮಾತು ಕೊಡಬೇಡಿ,” ಎಂದಳು ಅವಳು. “ಸ್ವಲ್ಪ ಹೊತ್ತು ಅತ್ತು ಏಳ್ತೀನಿ ಅಷ್ಟೇ.”

ಹಾಗೆಯೇ ಅತ್ತು ಎದ್ದು ಒಗ್ಗರಣೆ ಹಾಕಿದಳು.

ಸೆಪ್ಟೆಂಬರಿನಲ್ಲಿ ನಾನು ಸ್ಟೆನೋ ಆದೆ. ಬೆಳಿಗ್ಗೆ ಕಾಂದಿವಲಿಯಲ್ಲಿ ಹತ್ತಿದರೆ ಸೀಟು ಸಿಗುತ್ತಿತ್ತು, ಸಂಜೆ ಚರ್ಚ್‌ಗೇಟಿನಲ್ಲಿ ಓಡಿ ಕಿಟಕಿಯ ಜಾಗ ಹಿಡಿಯುತ್ತಿದ್ದೆ. ಆ ತಿಂಗಳ ಕೊನೆಯ ವಾರ, ಮಳೆ ಬಿಟ್ಟು ಎಳೆಬಿಸಿಲು ಬಿದ್ದ ಒಂದು ಸಂಜೆ, ನನ್ನ ಗಾಡಿ ದಾದರಿನಲ್ಲಿ ನಿಂತಿತು. ಹೆಂಗಸರ ಡಬ್ಬಿಯ ಬಾಗಿಲಲ್ಲಿ ಎಂದಿನ ನೂಕುನುಗ್ಗಲು. ಆ ಗುಂಪಿನ ನಡುವೆ, ಕಚ್ಚೆ ಸೀರೆಯ ಮರಾಠಿ ಹೆಂಗಸರ ಮಧ್ಯೆ, ಬಗಲಲ್ಲಿ ಹಪ್ಪಳದ ಡಬ್ಬ ಅವುಚಿಕೊಂಡು ಹತ್ತಿದವಳು ದೊಡ್ಡಮ್ಮ. ಒಬ್ಬಳೇ. ಮೂವತ್ತೆರಡು ವರ್ಷದಲ್ಲಿ ಅವಳು ಒಬ್ಬಳೇ ಲೋಕಲ್ ಹತ್ತಿದ್ದನ್ನು ನಾನು ಕೇಳಿಯೂ ಇರಲಿಲ್ಲ. ಕುಸುಮಬಾಯಿಯ ಮನೆಗೆ ಹೋಗಿದ್ದಳೆಂದು ಡಬ್ಬ ನೋಡಿಯೇ ತಿಳಿಯಿತು.

ಕೂಗಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ಅವಳು ಬೆಂಚಿನ ಮುಂದೆ ನಿಂತು, ಕಾಲು ಚಾಚಿ ಕೂತಿದ್ದ ಮೂವರನ್ನು ಒಮ್ಮೆ ನೋಡಿ, “ಜರಾ ಸರ್ಕಾ,” ಎಂದಳು. ಅವರು ಸರಿದರು. ನಾಲ್ಕನೆಯವಳಾಗಿ ಕೂತು, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಗಾಡಿ ಹೊರಟ ಮೇಲೆ ನಿಧಾನವಾಗಿ ಸುತ್ತ ಕಣ್ಣಾಡಿಸಿದಳು. ಕಿಟಕಿಯ ಹತ್ತಿರ ಕೂತ ನಾನು ಅವಳ ಕಣ್ಣಿಗೆ ಬಿದ್ದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಎಷ್ಟೋ ವರ್ಷದಿಂದ ಅದೇ ಡಬ್ಬಿಯಲ್ಲಿ ಓಡಾಡುವವಳಂತೆ ನನ್ನತ್ತ ತಲೆಯಾಡಿಸಿ ಕೇಳಿದಳು:

“ಓ, ನೀನೂ ಇದೇ ಗಾಡೀನಾ?”